ಪೋಸ್ಟ್‌ಗ್ರೆಸ್ ಸರ್ವರ್ ಮೆಮೊರಿ ಸಾಲದೆ ಬಿದ್ದಾಗ: ದೋಷ ಹುಡುಕುವ ಕ್ರಮ ಮತ್ತು ದೂರದಿಂದ ಸರಿಪಡಿಸುವ ಸುರಕ್ಷಿತ ದಾರಿ

ಲಕ್ಷಣ ಹೀಗಿರುತ್ತದೆ. ಬೆಳಗಿನಿಂದ ಚೆನ್ನಾಗಿ ನಡೆಯುತ್ತಿದ್ದ ತಂತ್ರಾಂಶದಲ್ಲಿ ಒಮ್ಮೆಲೇ ಎಲ್ಲರ ಸಂಪರ್ಕವೂ ಕಡಿದುಹೋಗುತ್ತದೆ. ಮತ್ತೆ ಪ್ರಯತ್ನಿಸಿದರೆ ಡೇಟಾಬೇಸ್ ರಿಕವರಿ ಮೋಡ್‌ನಲ್ಲಿದೆ ಎಂಬ ಸಂದೇಶ ಬರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಎಲ್ಲವೂ ಮೊದಲಿನಂತೆ ನಡೆಯತೊಡಗುತ್ತದೆ. ತಾನಾಗಿಯೇ ಸರಿಹೋಗುವುದರಿಂದ ಕಾರಣ ಹುಡುಕುವ ಕೆಲಸ ಮುಂದಕ್ಕೆ ಹೋಗುತ್ತದೆ, ಮುಂದಿನ ತಿಂಗಳ ಕೊನೆಗೆ ಅದೇ ತೊಂದರೆ ಮರಳಿ ಬರುತ್ತದೆ.

ಈ ಕೈಪಿಡಿ ಲಿನಕ್ಸ್ ಮೇಲೆ ನಡೆಯುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸರ್ವರಿನ ಈ ದೋಷದ ಬಗ್ಗೆ. ಉದಾಹರಣೆಗೆ ಒಂದು ಪತ್ತಿನ ಸಹಕಾರ ಸಂಘದ ಯಂತ್ರವನ್ನು ಇಟ್ಟುಕೊಳ್ಳೋಣ: 8 ಜಿಬಿ ಮೆಮೊರಿ, 4 ಕೋರ್, ಪೋಸ್ಟ್‌ಗ್ರೆಸ್ 16, ಅದೇ ಯಂತ್ರದ ಮೇಲೆ 2 ಜಿಬಿ ಹೀಪ್ (ಜಾವಾ ಬಳಸಲು ಮೀಸಲಿಟ್ಟ ಮೆಮೊರಿ) ಕೊಟ್ಟು ಓಡಿಸುವ ಜಾವಾ ಅಪ್ಲಿಕೇಶನ್. ಸರ್ವರ್ ಇರುವುದು ಎಲ್ಲೋ ಒಂದು ಡೇಟಾ ಸೆಂಟರಿನಲ್ಲಿ, ನೋಡಿಕೊಳ್ಳುವವರು ಇರುವುದು ಬೇರೆ ಊರಿನಲ್ಲಿ. ನಮ್ಮ ಸಣ್ಣ ಸಂಸ್ಥೆಗಳಲ್ಲಿ ಇಂಥ ವ್ಯವಸ್ಥೆ ಬಹಳ ಸಾಮಾನ್ಯ. ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಬಿಡಿಬಿಡಿಯಾಗಿ ಬರೆದಿದ್ದೇನೆ. ಫೈಲಿನಲ್ಲಿ ಬರೆಯುವಾಗ ಪದಗಳ ನಡುವೆ ಅಡಿಗೆರೆ ಹಾಕಬೇಕು.

ಮೆಮೊರಿ ದೋಷದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು’ ಅಲ್ಲ, ‘ಯಾರು’. ಮೆಮೊರಿಯನ್ನು ಹಿಡಿದಿರುವವರು ಯಾರು, ಪ್ರೊಸೆಸನ್ನು (ಓಡುತ್ತಿರುವ ಪ್ರೋಗ್ರಾಮನ್ನು) ಕೊಂದವರು ಯಾರು, ಸರ್ವರಿನ ಒಳಗೆ ಬರಬಲ್ಲವರು ಯಾರು. ಇದು ಗೊತ್ತಾಗುವ ಮೊದಲೇ ಸೆಟ್ಟಿಂಗ್ ಬದಲಿಸಲು ಹೊರಟರೆ ಕಾರಣ ಮುಚ್ಚಿಹೋಗುತ್ತದೆ.

ಮೊದಲ ಹೆಜ್ಜೆ: ಎರಡು ಲಾಗ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿ

ಡೆಬಿಯನ್ ಮತ್ತು ಉಬುಂಟುಗಳಲ್ಲಿ ಪೋಸ್ಟ್‌ಗ್ರೆಸ್ ಲಾಗ್ ಸಾಮಾನ್ಯವಾಗಿ ವಾರ್ (var) ಫೋಲ್ಡರಿನ ಒಳಗಿನ ಲಾಗ್ ವಿಭಾಗದಲ್ಲಿ ಸಿಗುತ್ತದೆ. ರೆಡ್‌ಹ್ಯಾಟ್ ಬಳಗದಲ್ಲಿ ಡೇಟಾ ಫೋಲ್ಡರಿನ ಒಳಗೇ ಲಾಗ್ ಎಂಬ ಫೋಲ್ಡರ್ ಇರುತ್ತದೆ. ಸಂಪರ್ಕ ಕಡಿದ ಹೊತ್ತಿನ ಸಾಲುಗಳನ್ನು ತೆಗೆದು ನೋಡಿ. ಸರ್ವರ್ ಪ್ರೊಸೆಸ್ ಸಿಗ್ನಲ್ 9ರಿಂದ (ತಕ್ಷಣ ಕೊಲ್ಲುವ ಸಂಕೇತ) ಕೊನೆಗೊಂಡಿತು ಎಂಬ ಸಾಲು, ಅದರ ಹಿಂದೆಯೇ ಉಳಿದ ಪ್ರೊಸೆಸ್‌ಗಳನ್ನೂ ನಿಲ್ಲಿಸಲಾಗುತ್ತಿದೆ ಎಂಬ ಸಾಲು ಕಂಡರೆ ದಾರಿ ಸ್ಪಷ್ಟವಾಯಿತು. ಪೋಸ್ಟ್‌ಗ್ರೆಸ್ ಪ್ರತಿ ಸಂಪರ್ಕಕ್ಕೂ ಒಂದು ಪ್ರೊಸೆಸ್ ಹುಟ್ಟಿಸುತ್ತದೆ. ಅವೆಲ್ಲವೂ ಒಂದೇ ಹಂಚಿಕೆಯ ಮೆಮೊರಿಯನ್ನು ಮುಟ್ಟುತ್ತವೆ. ಒಂದು ಪ್ರೊಸೆಸ್ ನಡುವೆಯೇ ಸತ್ತರೆ ಆ ಮೆಮೊರಿ ಅರೆಬರೆ ಸ್ಥಿತಿಯಲ್ಲಿ ಉಳಿದಿರಬಹುದು ಎಂಬ ಕಾರಣಕ್ಕೆ ತಾಯಿ ಪ್ರೊಸೆಸ್ ಎಲ್ಲ ಸಂಪರ್ಕಗಳನ್ನೂ ಮುಚ್ಚಿ, ರಿಕವರಿ ನಡೆಸಿ, ಹೊಸದಾಗಿ ಆರಂಭಿಸುತ್ತದೆ. ಒಬ್ಬರ ವರದಿಯಿಂದ ಎಲ್ಲ ಶಾಖೆಗಳ ಕೆಲಸ ನಿಲ್ಲುವುದು ಇದೇ ಕಾರಣದಿಂದ. ದತ್ತಾಂಶವನ್ನು ಕಾಪಾಡಲು ಅದು ತೆಗೆದುಕೊಳ್ಳುವ ಸರಿಯಾದ ಕ್ರಮ ಇದು.

ಸಿಗ್ನಲ್ 9 ಬದಲು ಸಿಗ್ನಲ್ 11 ಕಂಡರೆ ಈ ಕೈಪಿಡಿಯನ್ನು ಇಲ್ಲೇ ಬಿಡಿ. ಅದು ತಂತ್ರಾಂಶದ ದೋಷ, ಯಾವುದೋ ಎಕ್ಸ್‌ಟೆನ್ಶನ್ನಿನ ದೋಷ ಅಥವಾ ಹಾರ್ಡ್‌ವೇರ್ ದೋಷ. ಸಿಗ್ನಲ್ಲೇ ಇಲ್ಲದೆ ಬರಿಯ ಔಟ್ ಆಫ್ ಮೆಮೊರಿ ಎಂಬ ಎರರ್ ಇದ್ದು, ಇಂತಿಷ್ಟು ಗಾತ್ರದ ಕೋರಿಕೆ ವಿಫಲವಾಯಿತು ಎಂಬ ವಿವರ ಇದ್ದರೆ ಆ ಒಂದು ಕ್ವೆರಿ (ಡೇಟಾಬೇಸಿಗೆ ಕೇಳಿದ ಪ್ರಶ್ನೆ) ಮಾತ್ರ ಬಿದ್ದಿದೆ, ಸರ್ವರ್ ನಿಂತಿಲ್ಲ.

ಸಿಗ್ನಲ್ 9 ಕಳಿಸಿದವರು ಯಾರು ಎಂಬುದನ್ನು ಪೋಸ್ಟ್‌ಗ್ರೆಸ್ ಹೇಳಲಾರದು. ಅದಕ್ಕೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಲಾಗ್ ಬೇಕು. ಜರ್ನಲ್‌ಸಿಟಿಎಲ್ ಆದೇಶಕ್ಕೆ ಕರ್ನಲ್ ಆಯ್ಕೆ ಕೊಟ್ಟು, ಅದೇ ಹೊತ್ತಿನ ಸಾಲುಗಳನ್ನು ತೆಗೆಯಿರಿ. ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್ ಎಂದು ಆರಂಭವಾಗಿ ಪೋಸ್ಟ್‌ಗ್ರೆಸ್ ಹೆಸರು ಬಂದಿದ್ದರೆ ಕೊಂದದ್ದು ಲಿನಕ್ಸಿನ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಪ್ರೊಸೆಸ್ ಕೊಲ್ಲುವ ಕರ್ನಲ್ಲಿನ ಭಾಗ. ಅದೇ ಸಾಲು ಮೆಮೊರಿ ಸಿಗ್ರೂಪ್ ಎಂಬ ಮಾತಿನಿಂದ ಆರಂಭವಾದರೆ ಕಥೆ ಬೇರೆ: ಇಡೀ ಯಂತ್ರದಲ್ಲಿ ಮೆಮೊರಿ ಇನ್ನೂ ಉಳಿದಿದೆ, ಪ್ರೊಸೆಸ್‌ಗಳ ಒಂದು ಗುಂಪಿಗೆ (ಸಿಗ್ರೂಪ್) ಡಾಕರ್ ಅಥವಾ ಸಿಸ್ಟಮ್‌ಡಿ ಹಾಕಿದ ಮಿತಿ ಮಾತ್ರ ಮುಗಿದಿದೆ. ಕರ್ನಲ್ ಲಾಗಿನಲ್ಲಿ ಏನೂ ಇಲ್ಲದಿದ್ದರೆ ಮನುಷ್ಯರನ್ನೇ ಕೇಳಬೇಕು. ನಿಧಾನವಾದ ಕ್ವೆರಿಯನ್ನು ನಿಲ್ಲಿಸಲು ಯಾರಾದರೂ ಕಿಲ್ ಆದೇಶವನ್ನು 9ರೊಂದಿಗೆ ಬಳಸಿರಬಹುದು. ಅದನ್ನು ಎಂದಿಗೂ ಮಾಡಬಾರದು. ಪಿಜಿ ಕ್ಯಾನ್ಸಲ್ ಬ್ಯಾಕೆಂಡ್, ಅದು ಸಾಲದಿದ್ದರೆ ಪಿಜಿ ಟರ್ಮಿನೇಟ್ ಬ್ಯಾಕೆಂಡ್ ಎಂಬ ಫಂಕ್ಷನ್‌ಗಳು ಇರುವುದೇ ಅದಕ್ಕಾಗಿ.

ಪೋಸ್ಟ್‌ಗ್ರೆಸ್ ಲಾಗ್, ಸತ್ತ ಪ್ರೊಸೆಸ್ ಯಾವ ಕ್ವೆರಿ ನಡೆಸುತ್ತಿತ್ತು ಎಂಬುದನ್ನೂ ಹೇಳುತ್ತದೆ. ಬಹಳಷ್ಟು ಜನ ಇಲ್ಲಿ ಎಡವುತ್ತಾರೆ. ಸತ್ತವನೇ ತಪ್ಪಿತಸ್ಥ ಎಂದು ನಂಬಬೇಡಿ. ಕರ್ನಲ್ ಆರಿಸುವುದು ಆ ಕ್ಷಣಕ್ಕೆ ದೊಡ್ಡದಾಗಿ ಕಾಣುವ ಪ್ರೊಸೆಸನ್ನು. ಹಂಚಿಕೆಯ ಬಫರ್‌ಗಳನ್ನು ಹೆಚ್ಚು ಮುಟ್ಟಿದ ಬಡಪಾಯಿ ಸಂಪರ್ಕವೂ ಅದರ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಕೊಲ್ಲುವ ಮೊದಲು ಕರ್ನಲ್ ಎಲ್ಲ ಪ್ರೊಸೆಸ್‌ಗಳ ಪಟ್ಟಿಯೊಂದನ್ನು ಲಾಗಿಗೆ ಬರೆದಿರುತ್ತದೆ. ನಿಜವಾದ ಸಾಕ್ಷ್ಯ ಅದು. ಅದರ ಆರ್‌ಎಸ್‌ಎಸ್ (ಪ್ರೊಸೆಸ್ ನಿಜವಾಗಿ ಹಿಡಿದ ಮೆಮೊರಿ) ಅಂಕಣ ಪುಟಗಳ ಲೆಕ್ಕದಲ್ಲಿದೆ, ಒಂದು ಪುಟಕ್ಕೆ 4 ಕೆಬಿ. ಆ ಪಟ್ಟಿಯನ್ನು ತೆಗೆದು ಗಾತ್ರದ ಪ್ರಕಾರ ಜೋಡಿಸಿ. ಜಾವಾ ಎಷ್ಟು, ಪೋಸ್ಟ್‌ಗ್ರೆಸ್ ಎಷ್ಟು, ಗುರುತೇ ಸಿಗದ ಹೆಸರು ಯಾವುದಾದರೂ ಇದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಯಾವ ಸಂಖ್ಯೆಯನ್ನು ನಂಬಬೇಕು

ಫ್ರೀ ಆದೇಶ ಕೊಟ್ಟಾಗ ಫ್ರೀ ಎಂಬ ಅಂಕಣದಲ್ಲಿ 200 ಎಂಬಿ ಕಂಡರೆ ಗಾಬರಿಯಾಗಬೇಕಿಲ್ಲ. ಲಿನಕ್ಸ್ ಬಿಡುವಾಗಿರುವ ಮೆಮೊರಿಯನ್ನೆಲ್ಲ ಫೈಲುಗಳ ಕ್ಯಾಷ್‌ಗೆ ಬಳಸುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ಪೋಸ್ಟ್‌ಗ್ರೆಸ್ ಕೂಡ ಆ ಕ್ಯಾಷ್ ಅನ್ನು ನೆಚ್ಚಿಕೊಂಡೇ ಓಡುತ್ತದೆ. ನೋಡಬೇಕಾದದ್ದು ಅವೈಲಬಲ್ ಅಂಕಣ. ಅದು ಸತತವಾಗಿ ಇಳಿಯುತ್ತ ಹೋಗಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಏರುತ್ತಿದ್ದರೆ ಮಾತ್ರ ಅದು ರೋಗ.

ಟಾಪ್ ಪರದೆಯ ಆರ್‌ಇಎಸ್ ಅಂಕಣವನ್ನು ಕೂಡಿಸುವುದೂ ತಪ್ಪು. ಶೇರ್ಡ್ ಬಫರ್ಸ್ (ಎಲ್ಲ ಸಂಪರ್ಕಗಳೂ ಹಂಚಿಕೊಳ್ಳುವ ಮೆಮೊರಿ) 2 ಜಿಬಿ ಇದ್ದು ಐವತ್ತು ಸಂಪರ್ಕಗಳು ಅದನ್ನು ಮುಟ್ಟಿದ್ದರೆ ಒಂದೇ 2 ಜಿಬಿ ಐವತ್ತು ಬಾರಿ ಎಣಿಕೆಯಾಗುತ್ತದೆ. 8 ಜಿಬಿ ಯಂತ್ರದಲ್ಲಿ ಪೋಸ್ಟ್‌ಗ್ರೆಸ್ 100 ಜಿಬಿ ತಿನ್ನುತ್ತಿದೆ ಎಂಬಂಥ ದೂರುಗಳು ಹುಟ್ಟುವುದು ಹೀಗೆ. ಹಂಚಿಕೊಂಡ ಭಾಗವನ್ನು ಪಾಲುಮಾಡಿ ಕೊಡುವ ಲೆಕ್ಕ ಪಿಎಸ್‌ಎಸ್. ಕರ್ನಲ್ 4.14ರಿಂದ ಈಚೆಗೆ ಪ್ರೊಕ್ ಫೋಲ್ಡರಿನಲ್ಲಿ ಪ್ರತಿ ಪ್ರೊಸೆಸಿಗೂ ಸ್ಮ್ಯಾಪ್ಸ್ ರೋಲಪ್ ಎಂಬ ಫೈಲ್ ಇದೆ. ಅದರ ಪಿಎಸ್‌ಎಸ್ ಸಾಲುಗಳನ್ನು ಕೂಡಿಸಿದರೆ ಸತ್ಯಕ್ಕೆ ಹತ್ತಿರದ ಮೊತ್ತ ಸಿಗುತ್ತದೆ.

ಒಂದೇ ಸಂಪರ್ಕ ದಿನವಿಡೀ ಊದುತ್ತಿದ್ದರೆ, ಪೋಸ್ಟ್‌ಗ್ರೆಸ್ 14ರಿಂದ ಈಚೆಗೆ ಪಿಜಿ ಲಾಗ್ ಬ್ಯಾಕೆಂಡ್ ಮೆಮೊರಿ ಕಾಂಟೆಕ್ಸ್ಟ್ಸ್ ಎಂಬ ಫಂಕ್ಷನ್ನಿಗೆ ಅದರ ಪ್ರೊಸೆಸ್ ಸಂಖ್ಯೆ ಕೊಡಿ. ಒಳಗೆ ಏನೇನು ತುಂಬಿದೆ ಎಂಬುದು ಲಾಗಿಗೆ ಬರುತ್ತದೆ. ಕ್ಯಾಷ್ ಮೆಮೊರಿ ಕಾಂಟೆಕ್ಸ್ಟ್ ದೊಡ್ಡದಾಗಿದ್ದರೆ ಆ ಸಂಪರ್ಕ ಸಾವಿರಾರು ಟೇಬಲ್ ಅಥವಾ ಪಾರ್ಟಿಷನ್‌ಗಳನ್ನು ಮುಟ್ಟಿ, ಅವುಗಳ ವಿವರವನ್ನು ತನ್ನೊಳಗೇ ಇಟ್ಟುಕೊಂಡಿದೆ ಎಂದರ್ಥ. ಅಂಥ ಸಂಪರ್ಕಗಳನ್ನು ಆಗಾಗ ಮುಚ್ಚಿ ತೆರೆಯುವಂತೆ ಪೂಲ್ (ಅಪ್ಲಿಕೇಶನ್ ತೆರೆದಿಟ್ಟುಕೊಂಡ ಸಂಪರ್ಕಗಳ ಗುಂಪು) ಅನ್ನು ಹೊಂದಿಸುವುದೇ ಪರಿಹಾರ.

ಮೆಮೊರಿ ತಿನ್ನುತ್ತಿರುವವರು ನಿಮ್ಮವರೇ ಹೌದೇ?

ಇದನ್ನು ಲೆಕ್ಕಾಚಾರಕ್ಕಿಂತ ಮೊದಲು ಇಟ್ಟಿದ್ದೇನೆ, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಶ್ರಮವೆಲ್ಲ ಕಳ್ಳನಿಗೆ ಜಾಗ ಮಾಡಿಕೊಡಲು ಖರ್ಚಾಗುತ್ತದೆ. ಪೋಸ್ಟ್‌ಗ್ರೆಸ್ ಬಳಕೆದಾರನ ಹೆಸರಿನಲ್ಲಿ ಓಡುತ್ತಿರುವ ಎಲ್ಲ ಪ್ರೊಸೆಸ್‌ಗಳನ್ನೂ ಪಿಎಸ್ ಆದೇಶದಿಂದ ನೋಡಿ. ಪೋಸ್ಟ್‌ಗ್ರೆಸ್ ಅಲ್ಲದ ಹೆಸರು ಇದೆಯೇ? ಕೋರ್‌ಗಳೆಲ್ಲ ಸದಾ ನೂರಕ್ಕೆ ನೂರು ಓಡುತ್ತಿವೆಯೇ? ಕಿನ್ಸಿಂಗ್ ಎಂಬ ಮಾಲ್‌ವೇರ್ ತನ್ನ ಕ್ರಿಪ್ಟೊ ಗಣಿಗಾರಿಕೆಯ ಪ್ರೊಸೆಸಿಗೆ ಕೆಡೆವ್‌ಟಿಎಂಪಿಎಫ್‌ಎಸ್‌ಐ ಎಂದು ಹೆಸರಿಡುತ್ತದೆ. ಕರ್ನಲ್ಲಿನ ನಿಜವಾದ ಕೆಡೆವ್‌ಟಿಎಂಪಿಎಫ್‌ಎಸ್ ಹೆಸರಿಗೆ ಕೊನೆಯಲ್ಲಿ ಒಂದೇ ಅಕ್ಷರ ಹೆಚ್ಚು. 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಪಿಜಿಮೈನರ್ ಎಂಬುದಂತೂ ತೆರೆದಿಟ್ಟ ಪೋಸ್ಟ್‌ಗ್ರೆಸ್ ಸರ್ವರ್‌ಗಳನ್ನೇ ಹುಡುಕಿ ನುಗ್ಗುತ್ತಿತ್ತು.

ಅದು ನುಗ್ಗುವ ದಾರಿ ಸರಳ. 9.3ರಿಂದ ಈಚೆಗೆ ಕಾಪಿ ಆದೇಶಕ್ಕೆ ಫ್ರಮ್ ಪ್ರೋಗ್ರಾಮ್ ಎಂಬ ರೂಪವಿದೆ; ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆದವರು ಅದರಿಂದ ಸರ್ವರಿನ ಮೇಲೆ ಯಾವ ಪ್ರೋಗ್ರಾಮನ್ನಾದರೂ ಓಡಿಸಬಹುದು. ಅದು ಉದ್ದೇಶಪಟ್ಟು ಕೊಟ್ಟ ಸೌಲಭ್ಯ. ಪೋಸ್ಟ್‌ಗ್ರೆಸ್ ಎಂಬ ಸೂಪರ್‌ಯೂಸರ್ ಹೆಸರು ಎಲ್ಲರಿಗೂ ಗೊತ್ತು, ಪೋರ್ಟ್ 5432 ಎಂಬುದೂ ಗೊತ್ತು. ಪಾಸ್‌ವರ್ಡ್ ದುರ್ಬಲವಾಗಿದ್ದರೆ ಡೇಟಾಬೇಸಿನ ಸೂಪರ್‌ಯೂಸರ್ ಆದವನು ನೇರವಾಗಿ ಯಂತ್ರದ ಒಳಗೆ ನಿಂತಂತೆಯೇ. ಲಾಗಿನಲ್ಲಿ ಪರಿಚಯವಿಲ್ಲದ ವಿಳಾಸಗಳಿಂದ ಪಾಸ್‌ವರ್ಡ್ ತಪ್ಪಾದ ಸಾಲುಗಳು ಸಾಲುಸಾಲಾಗಿ ಇವೆಯೇ, ಪೋಸ್ಟ್‌ಗ್ರೆಸ್ ಬಳಕೆದಾರನ ಕ್ರಾನ್‌ಟ್ಯಾಬಿನಲ್ಲಿ (ನಿಗದಿತ ಹೊತ್ತಿಗೆ ಓಡುವ ಕೆಲಸಗಳ ಪಟ್ಟಿ) ನೀವು ಬರೆಯದ ಸಾಲು ಇದೆಯೇ, ಪಿಜಿ ರೋಲ್ಸ್ ಪಟ್ಟಿಯಲ್ಲಿ ಅಪರಿಚಿತ ಸೂಪರ್‌ಯೂಸರ್ ಇದ್ದಾನೆಯೇ, ಇವನ್ನು ನೋಡಿ.

ಒಂದಾದರೂ ಕಂಡರೆ ಆ ಪ್ರೊಸೆಸನ್ನು ಕೊಂದು ‘ಸ್ವಚ್ಛ ಮಾಡಿದೆವು’ ಎಂದುಕೊಳ್ಳಬೇಡಿ. ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಲಾಗ್‌ಗಳನ್ನು ಹೊರಗೆ ತೆಗೆದಿಟ್ಟುಕೊಳ್ಳಿ, ಹೊಸ ಯಂತ್ರವನ್ನು ಕಟ್ಟಿ ನುಸುಳುವಿಕೆಗೆ ಮೊದಲಿನ ಬ್ಯಾಕಪ್‌ನಿಂದ ತುಂಬಿ, ಎಲ್ಲ ಪಾಸ್‌ವರ್ಡ್ ಮತ್ತು ಕೀಲಿಗಳನ್ನು ಬದಲಿಸಿ. ಭಾರತದಲ್ಲಿ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. 2022ರ ಏಪ್ರಿಲ್ 28ರ ನಿರ್ದೇಶನ ಹಾಗೆ ಹೇಳುತ್ತದೆ. ಸದಸ್ಯರ ಠೇವಣಿ, ಸಾಲದ ವಿವರ ಇರುವ ಸರ್ವರಿನಲ್ಲಿ ಇದನ್ನು ಮುಚ್ಚಿಟ್ಟುಕೊಳ್ಳುವುದು ಸದಸ್ಯರಿಗೆ ಮಾಡುವ ದ್ರೋಹ.

ಲೆಕ್ಕ ಎಲ್ಲಿ ತಪ್ಪುತ್ತದೆ

ಒಳಗೆ ಇರುವುದು ನಮ್ಮವರೇ ಎಂದು ಖಚಿತವಾದ ಮೇಲೆ ಲೆಕ್ಕಕ್ಕೆ ಕೂರಬಹುದು. ಶೇರ್ಡ್ ಬಫರ್ಸ್ ಸುಲಭ: ಮೂಲದಲ್ಲಿ 128 ಎಂಬಿ ಇರುತ್ತದೆ, ಡೇಟಾಬೇಸಿಗೇ ಮೀಸಲಾದ ಯಂತ್ರದಲ್ಲಿ ಮೆಮೊರಿಯ ಕಾಲು ಭಾಗ ಕೊಟ್ಟು ಆರಂಭಿಸಬಹುದು, ಶೇಕಡಾ 40ರ ಮೇಲೆ ಕೊಟ್ಟರೆ ಲಾಭ ಸಿಗುವುದು ಅಪರೂಪ. ಎಫೆಕ್ಟಿವ್ ಕ್ಯಾಷ್ ಸೈಜ್ ಎಂಬುದು ಒಂದು ಬೈಟ್ ಮೆಮೊರಿಯನ್ನೂ ಹಿಡಿಯುವುದಿಲ್ಲ. ಕ್ವೆರಿ ಯೋಜನೆ ಮಾಡುವ ಭಾಗಕ್ಕೆ ಕೊಡುವ ಅಂದಾಜು ಅಷ್ಟೇ. ಮೆಮೊರಿ ಸಾಲದೆಂದು ಅದನ್ನು ಇಳಿಸಿದರೆ ಯೋಜನೆ ಕೆಡುತ್ತದೆ, ಮೆಮೊರಿ ಉಳಿಯುವುದಿಲ್ಲ.

ಎಲ್ಲರನ್ನೂ ಕೆಡವುವುದು ವರ್ಕ್ ಮೆಮ್. ಮೂಲದಲ್ಲಿ 4 ಎಂಬಿ. ವರದಿ ನಿಧಾನವಾಯಿತೆಂದು ಯಾರೋ ಅದನ್ನು 64ಕ್ಕೆ ಏರಿಸುತ್ತಾರೆ, ವರದಿ ವೇಗವಾಗುತ್ತದೆ, ಎಲ್ಲರಿಗೂ ಸಂತೋಷ. ಆದರೆ ಆ ಮಿತಿ ಸಂಪರ್ಕಕ್ಕೆ ಒಂದು ಅಲ್ಲ, ಕ್ವೆರಿಗೆ ಒಂದೂ ಅಲ್ಲ. ಕ್ವೆರಿಯೊಳಗಿನ ಪ್ರತಿ ಸಾರ್ಟ್‌ಗೆ (ಸಾಲುಗಳನ್ನು ಕ್ರಮವಾಗಿ ಜೋಡಿಸುವುದು), ಪ್ರತಿ ಹ್ಯಾಶ್‌ಗೆ (ಹೊಂದುವ ಸಾಲುಗಳನ್ನು ಹುಡುಕಲು ಕಟ್ಟುವ ಕೋಷ್ಟಕ) ಬೇರೆಬೇರೆಯಾಗಿ ಅಷ್ಟಷ್ಟು. ಹ್ಯಾಶ್ ಆದರೆ ಹ್ಯಾಶ್ ಮೆಮ್ ಮಲ್ಟಿಪ್ಲೈಯರ್ ಗುಣಿಸಿಕೊಳ್ಳುತ್ತದೆ; ಪೋಸ್ಟ್‌ಗ್ರೆಸ್ 15ರಿಂದ ಅದರ ಮೂಲ ಬೆಲೆ 2. ಮೇಲೆ ಸಮಾನಾಂತರ ವರ್ಕರ್‌ಗಳು ಸೇರಿಕೊಂಡರೆ ಪ್ರತಿ ವರ್ಕರಿಗೂ ಅದೇ ಲೆಕ್ಕ.

ನಮ್ಮ ಸಂಘದ ಬಡ್ಡಿ ವರದಿಯಲ್ಲಿ 2 ಸಾರ್ಟ್, 2 ಹ್ಯಾಶ್ ಇವೆ ಎಂದುಕೊಳ್ಳಿ. ಒಂದು ಪ್ರೊಸೆಸಿಗೆ ಗರಿಷ್ಠ 64ರಂತೆ ಎರಡು, 128ರಂತೆ ಎರಡು: ಒಟ್ಟು 384 ಎಂಬಿ. ಮೂಲ ಸೆಟ್ಟಿಂಗಿನಂತೆ 2 ವರ್ಕರ್, ಮುಖ್ಯ ಪ್ರೊಸೆಸ್ ಒಂದು: 1152 ಎಂಬಿ. ಮೂರು ಶಾಖೆಗಳ ವ್ಯವಸ್ಥಾಪಕರು ತಿಂಗಳ ಕೊನೆಯ ಸಂಜೆ ಒಂದೇ ಹೊತ್ತಿಗೆ ವರದಿ ಕೇಳಿದರೆ 3456 ಎಂಬಿ. ಶೇರ್ಡ್ ಬಫರ್ಸ್ 2048, ಜಾವಾ ಹೀಪ್ 2048. ಕೂಡಿಸಿದರೆ 7552 ಎಂಬಿ. ಯಂತ್ರದಲ್ಲಿರುವುದು 8192. ಉಳಿದ 640 ಎಂಬಿಯಲ್ಲಿ ಆಪರೇಟಿಂಗ್ ಸಿಸ್ಟಮ್, ಹೀಪಿನ ಹೊರಗೆ ಜಾವಾ ಹಿಡಿಯುವ ಮೆಮೊರಿ, ಸುಮ್ಮನೆ ಕುಳಿತ ಸಂಪರ್ಕಗಳು, ಎಲ್ಲವೂ ನಡೆಯಬೇಕು. ಆ ಹೊತ್ತಿಗೆ ಆಟೊವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳನ್ನು ತಾನಾಗಿ ತೆಗೆಯುವ ಕೆಲಸ) ಎದ್ದರೆ? ಮೇಂಟೆನೆನ್ಸ್ ವರ್ಕ್ ಮೆಮ್ ಅನ್ನು 512ಕ್ಕೆ ಏರಿಸಿದ್ದರೆ, ಆಟೊವ್ಯಾಕ್ಯೂಮ್ ವರ್ಕ್ ಮೆಮ್ ಅನ್ನು ಬೇರೆಯಾಗಿ ಹೇಳದಿದ್ದರೆ, ಅದರ ಮೂರು ವರ್ಕರ್‌ಗಳೂ ತಲಾ 512ರವರೆಗೆ ಹೋಗಬಹುದು. ತಿಂಗಳ ಉಳಿದ ದಿನಗಳಲ್ಲಿ ಏಕೆ ಬೀಳುವುದಿಲ್ಲ ಎಂಬುದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ವರ್ಕ್ ಮೆಮ್ ಅನ್ನು ಎಲ್ಲರಿಗೂ 8 ಎಂಬಿಗೆ ಇಳಿಸಿ. ವರದಿಗಳಿಗೆಂದೇ ಒಂದು ಪ್ರತ್ಯೇಕ ರೋಲ್ (ಡೇಟಾಬೇಸ್ ಬಳಕೆದಾರ) ಮಾಡಿ, ಆಲ್ಟರ್ ರೋಲ್ ಮೂಲಕ ಆ ರೋಲಿಗೆ ಮಾತ್ರ 64 ಕೊಡಿ, ಅದೇ ರೋಲಿಗೆ ಕನೆಕ್ಷನ್ ಲಿಮಿಟ್ 1 ಹಾಕಿ. ಈಗ ಮೂರು ವರದಿಗಳು ಒಟ್ಟಿಗೆ ಓಡುವುದೇ ಇಲ್ಲ, ಒಂದರ ಹಿಂದೆ ಒಂದು ಓಡುತ್ತವೆ. ಎರಡನೆಯ ಸಂಪರ್ಕಕ್ಕೆ ಎರರ್ ಬರುವುದರಿಂದ ಅಪ್ಲಿಕೇಶನ್ ಕಾಯುವಂತೆ ಬರೆದಿರಬೇಕು. ಮುಖ್ಯ ವ್ಯವಹಾರಕ್ಕೆ ಸಂಪರ್ಕಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಇಟ್ಟು, ಮ್ಯಾಕ್ಸ್ ಕನೆಕ್ಷನ್ಸ್ ಅನ್ನು 300ರಂಥ ಸಂಖ್ಯೆಯಿಂದ 60ಕ್ಕೆ ಇಳಿಸಿ. 4 ಕೋರಿನ ಯಂತ್ರ ಮುನ್ನೂರು ಕ್ವೆರಿಗಳನ್ನು ಒಟ್ಟಿಗೆ ಹೇಗಿದ್ದರೂ ನಡೆಸಲಾರದು.

ವರದಿಗೆ ಅಷ್ಟು ಮೆಮೊರಿ ಏಕೆ ಬೇಕಾಯಿತು ಎಂದೂ ಕೇಳಿ. ಲಾಗ್ ಟೆಂಪ್ ಫೈಲ್ಸ್ ಅನ್ನು 10 ಎಂಬಿಗೆ ಇಟ್ಟರೆ ಡಿಸ್ಕಿಗೆ ಚೆಲ್ಲುವ ಕ್ವೆರಿಗಳು ಲಾಗಿಗೆ ಬರುತ್ತವೆ. ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಓಡಿದ ಯೋಜನೆಯನ್ನು ತೋರಿಸುವ ಆದೇಶ) ಮಾಡಿದಾಗ ಎಕ್ಸ್‌ಟರ್ನಲ್ ಮರ್ಜ್ ಎಂದು ಕಂಡರೆ ಸಾರ್ಟ್ ಡಿಸ್ಕಿಗೆ ಹೋಗಿದೆ. ಹತ್ತು ವರ್ಷದ ವಹಿವಾಟನ್ನೆಲ್ಲ ಓದಿ, ಸಾರ್ಟ್ ಮಾಡಿ, ಕೊನೆಗೆ ಒಂದು ತಿಂಗಳನ್ನು ಮಾತ್ರ ಉಳಿಸಿಕೊಳ್ಳುವ ಕ್ವೆರಿಗಳು ಬೇಕಾದಷ್ಟಿವೆ. ದಿನಾಂಕದ ಮೇಲೆ ಒಂದು ಇಂಡೆಕ್ಸ್ ಹಾಕಿದರೆ 64 ಎಂಬಿಯ ಪ್ರಶ್ನೆಯೇ ಏಳದಿರಬಹುದು. ಯೋಜನೆಯಲ್ಲಿ ಅಂದಾಜು ಸಾಲುಗಳಿಗೂ ನಿಜವಾದ ಸಾಲುಗಳಿಗೂ ಅಜಗಜಾಂತರವಿದ್ದರೆ ಮೊದಲು ಅನಲೈಜ್ (ಟೇಬಲ್‌ಗಳ ಅಂಕಿಅಂಶವನ್ನು ಹೊಸದಾಗಿ ಸಂಗ್ರಹಿಸುವ ಆದೇಶ) ಓಡಿಸಿ. 13ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಈ ತಪ್ಪು ಅಂದಾಜು ಮಾರಕ: ಹ್ಯಾಶ್ ಅಗ್ರಿಗೇಟ್ ಆಗ ಡಿಸ್ಕಿಗೆ ಚೆಲ್ಲುತ್ತಿರಲಿಲ್ಲ, ಮಿತಿ ದಾಟಿ ಬೆಳೆಯುತ್ತಲೇ ಇರುತ್ತಿತ್ತು.

ಕರ್ನಲ್ ಕೊಡುವ ಪೊಳ್ಳು ಮಾತು

ಲಿನಕ್ಸ್ ಮೂಲತಃ, ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡುತ್ತೇನೆಂದು ಒಪ್ಪಿಕೊಳ್ಳುತ್ತದೆ. ಐನೂರು ಜನರನ್ನು ಮದುವೆಗೆ ಕರೆದು, ಎಲ್ಲರೂ ಬರಲಾರರೆಂದು ನಾನೂರು ಎಲೆಗೆ ಅಡುಗೆ ಮಾಡಿಸಿದಂತೆ. ಎಲ್ಲರೂ ಬಂದ ದಿನ ಓಓಎಂ ಕಿಲ್ಲರ್ ಬರುತ್ತದೆ. ವಿಎಂ ಓವರ್‌ಕಮಿಟ್ ಮೆಮೊರಿ ಸೆಟ್ಟಿಂಗನ್ನು 2 ಮಾಡಿದರೆ ಕರ್ನಲ್ ಮೊದಲೇ ಇಲ್ಲವೆನ್ನುತ್ತದೆ. ಆಗ ಹೆಚ್ಚು ಕೇಳಿದ ಕ್ವೆರಿಗೆ ಮಾತ್ರ ಔಟ್ ಆಫ್ ಮೆಮೊರಿ ಎರರ್ ಬರುತ್ತದೆ, ಉಳಿದವರ ಕೆಲಸ ನಡೆಯುತ್ತದೆ. ಡೇಟಾಬೇಸಿಗೆ ಇದು ಬಹಳ ಒಳ್ಳೆಯದು.

ಆದರೆ ಕಣ್ಣುಮುಚ್ಚಿ ಹಾಕಬೇಡಿ. ಮಿತಿಯ ಲೆಕ್ಕ ಹೀಗೆ: ಸ್ವಾಪ್ ಗಾತ್ರ, ಅದಕ್ಕೆ ಮೆಮೊರಿಯ ಇಂತಿಷ್ಟು ಶೇಕಡಾ ಸೇರಿಸಬೇಕು. ಆ ಶೇಕಡಾ ಓವರ್‌ಕಮಿಟ್ ರೇಷಿಯೊದಲ್ಲಿದೆ, ಮೂಲದಲ್ಲಿ 50. ಸ್ವಾಪ್ ಇಲ್ಲದ 8 ಜಿಬಿ ಯಂತ್ರದಲ್ಲಿ ಹಾಗೇ ಬಿಟ್ಟರೆ 4 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ. 2 ಜಿಬಿ ಸ್ವಾಪ್ ಇಟ್ಟು ರೇಷಿಯೊ 80 ಮಾಡಿದರೆ 8.4 ಜಿಬಿ. ಜಾವಾ ಬಳಸುವುದಕ್ಕಿಂತ ಬಹಳ ಹೆಚ್ಚು ಮೆಮೊರಿಯನ್ನು ಮೊದಲೇ ಕಾಯ್ದಿರಿಸುವ ಸ್ವಭಾವದ್ದು. ಮಿತಿ ಬಿಗಿಯಾದರೆ ಅದು ಆರಂಭವಾಗದೇ ಹೋಗಬಹುದು. ಪ್ರೊಕ್ ಫೋಲ್ಡರಿನ ಮೆಮ್‌ಇನ್ಫೊ ಫೈಲಿನಲ್ಲಿ ಕಮಿಟೆಡ್ ಎಎಸ್ ಸಾಲನ್ನು ಒಂದು ಪೂರ್ತಿ ತಿಂಗಳು ಬರೆದಿಟ್ಟು, ಅದರ ಗರಿಷ್ಠವನ್ನು ನೋಡಿ ಆಮೇಲೆ ನಿರ್ಧರಿಸಿ. ಜಾವಾವನ್ನು ಬೇರೆ ಯಂತ್ರಕ್ಕೆ ಸಾಗಿಸಲು ಸಾಧ್ಯವಿದ್ದರೆ ಅದೇ ಎಲ್ಲಕ್ಕಿಂತ ಉತ್ತಮ.

ದೂರದಿಂದ ಕೈಹಾಕುವಾಗ

ಸರ್ವರ್ ಬಿದ್ದ ರಾತ್ರಿಯೇ ಅತಿ ದೊಡ್ಡ ಅಪಾಯ ಹುಟ್ಟುವುದು. ಮನೆಯಿಂದಲೇ ಪಿಜಿಅಡ್ಮಿನ್ ಅಥವಾ ಡಿಬೀವರ್ ಎಂಬ ಡೇಟಾಬೇಸ್ ನೋಡುವ ತಂತ್ರಾಂಶ ತೆರೆದು ನೋಡೋಣವೆಂದು ಲಿಸನ್ ಅಡ್ರೆಸಸ್‌ಗೆ ನಕ್ಷತ್ರ ಚಿಹ್ನೆ ಹಾಕಿ, ಯಾರು ಎಲ್ಲಿಂದ ಬರಬಹುದು ಎಂದು ಹೇಳುವ ಪಿಜಿ ಎಚ್‌ಬಿಎ ಫೈಲಿನಲ್ಲಿ ಎಲ್ಲ ವಿಳಾಸಗಳಿಗೂ ಅನುಮತಿ ಕೊಟ್ಟು, ಫೈರ್‌ವಾಲಿನಲ್ಲಿ 5432 ತೆರೆಯುತ್ತಾರೆ. ಬೆಳಗ್ಗೆ ಮುಚ್ಚಲು ಮರೆಯುತ್ತಾರೆ. ಮೇಲೆ ಹೇಳಿದ ಗಣಿಗಾರರಿಗೆ ಬೇಕಾದದ್ದು ಇಷ್ಟೇ.

ಅದರ ಅಗತ್ಯವೇ ಇಲ್ಲ. ಪೋಸ್ಟ್‌ಗ್ರೆಸ್ ಲೋಕಲ್‌ಹೋಸ್ಟ್ (ಅದೇ ಯಂತ್ರ, 127.0.0.1) ಮೇಲೆ ಮಾತ್ರ ಕೇಳುತ್ತಿರಲಿ. ನಿಮ್ಮ ಲ್ಯಾಪ್‌ಟಾಪಿನ 5433ನೇ ಪೋರ್ಟಿನಿಂದ ಸರ್ವರಿನ 127.0.0.1ರ 5432ಕ್ಕೆ ಎಸ್‌ಎಸ್‌ಎಚ್ ಟನೆಲ್ (ಗೂಢಲಿಪಿಯ ಸುರಕ್ಷಿತ ದಾರಿ) ಹಾಕಿ. ದೊಡ್ಡಕ್ಷರದ ಎಲ್ ಆಯ್ಕೆ ಇರುವುದು ಅದಕ್ಕೆ. ಪಿಜಿಅಡ್ಮಿನ್‌ಗೆ ನಿಮ್ಮದೇ ಯಂತ್ರದ 5433 ಎಂದು ಹೇಳಿ. ಲೋಕಲ್‌ಹೋಸ್ಟ್ ಎಂಬ ಹೆಸರಿನ ಬದಲು ಸಂಖ್ಯೆಯನ್ನೇ ಬರೆಯುವುದು ಒಳ್ಳೆಯದು, ಏಕೆಂದರೆ ಆ ಹೆಸರು ಕೆಲವೆಡೆ ಐಪಿವಿ6 ವಿಳಾಸಕ್ಕೆ ತಿರುಗಿ ಕನೆಕ್ಷನ್ ರೆಫ್ಯೂಸ್ಡ್ ಎಂದು ಬರುತ್ತದೆ. ಅಡ್ಮಿನಿಸ್ಟ್ರೇಟಿವ್ಲಿ ಪ್ರೊಹಿಬಿಟೆಡ್ ಎಂದು ಬಂದರೆ ಸರ್ವರಿನ ಎಸ್‌ಎಸ್‌ಎಚ್‌ನಲ್ಲಿ ಟಿಸಿಪಿ ಫಾರ್ವರ್ಡಿಂಗ್ ಮುಚ್ಚಿದ್ದಾರೆ ಎಂದರ್ಥ.

ಟನೆಲ್ ಹಾಕಿದವರು ಗಮನಿಸದ ಒಂದು ಸಂಗತಿ ಇದೆ. ಟನೆಲ್ ಮೂಲಕ ಬಂದವರೆಲ್ಲ ಪೋಸ್ಟ್‌ಗ್ರೆಸ್ ಕಣ್ಣಿಗೆ 127.0.0.1ರಿಂದ ಬಂದವರೇ. ಪಿಜಿ ಎಚ್‌ಬಿಎ ಫೈಲಿನಲ್ಲಿ ಆ ವಿಳಾಸಕ್ಕೆ ಟ್ರಸ್ಟ್ ಎಂದಿದ್ದರೆ, ಟನೆಲ್ ಹಾಕಬಲ್ಲ ಯಾರೇ ಆದರೂ ಪಾಸ್‌ವರ್ಡ್ ಇಲ್ಲದೆ ಸೂಪರ್‌ಯೂಸರ್ ಆಗಬಹುದು. ಅಲ್ಲಿ ಸ್ಕ್ರಾಮ್-ಶಾ-256 ಎಂಬ ಪಾಸ್‌ವರ್ಡ್ ಪರಿಶೀಲನೆ ಇರಲೇಬೇಕು. ಲಾಗಿನಲ್ಲೂ ಎಲ್ಲರ ವಿಳಾಸ ಒಂದೇ ಆಗಿ ಕಾಣುವುದರಿಂದ ಪ್ರತಿ ನಿರ್ವಾಹಕರಿಗೂ ಬೇರೆ ರೋಲ್ ಬೇಕು. ನಿತ್ಯ ನೋಡಿಕೊಳ್ಳುವವರಿಗೆ ಸೂಪರ್‌ಯೂಸರ್ ಅಧಿಕಾರವೂ ಬೇಡ: ಪಿಜಿ ಮಾನಿಟರ್ ರೋಲ್ ನೋಡಲು ಸಾಕು, ಪಿಜಿ ಸಿಗ್ನಲ್ ಬ್ಯಾಕೆಂಡ್ ರೋಲ್ ಓಡುವ ಕ್ವೆರಿಯನ್ನು ನಿಲ್ಲಿಸಲು ಸಾಕು.

ಡಾಕರ್ ಬಳಸುವವರು ಇದನ್ನು ಎರಡು ಬಾರಿ ಓದಿ. ಕಂಟೇನರಿನ ಪೋರ್ಟನ್ನು 5432:5432 ಎಂದು ಪ್ರಕಟಿಸಿದರೆ ಡಾಕರ್ ತಾನೇ ಐಪಿಟೇಬಲ್ಸ್ ಎಂಬ ಫೈರ್‌ವಾಲ್ ನಿಯಮ ಬರೆಯುತ್ತದೆ. ಯುಎಫ್‌ಡಬ್ಲ್ಯೂ ಫೈರ್‌ವಾಲಿನಲ್ಲಿ ನೀವು ಮುಚ್ಚಿದ್ದರೂ ಪೋರ್ಟ್ ಹೊರಜಗತ್ತಿಗೆ ತೆರೆದಿರುತ್ತದೆ. ಮುಂದೆ 127.0.0.1 ಸೇರಿಸಿಯೇ ಬರೆಯಬೇಕು. ತೆರೆದಿದೆಯೇ ಇಲ್ಲವೇ ಎಂಬುದನ್ನು ಸರ್ವರಿನ ಒಳಗಿನಿಂದ ತೀರ್ಮಾನಿಸಬೇಡಿ, ಹೊರಗಿನ ಬೇರೆ ಜಾಲದಿಂದ, ಮೊಬೈಲ್ ಹಾಟ್‌ಸ್ಪಾಟಿನಿಂದಲಾದರೂ ಸರಿ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಓಡಿಸಿ ನೋಡಿ.

ಎಸ್‌ಎಸ್‌ಎಚ್‌ಗೆ ಇಡಿ25519 ಕೀಲಿ ಬಳಸಿ, ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸಿ. ಇಲ್ಲೊಂದು ಬಲೆ ಇದೆ. ಉಬುಂಟು ಕ್ಲೌಡ್ ಯಂತ್ರಗಳಲ್ಲಿ ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಬೇಡವೆಂದು ಬರೆದರೂ, ಜೊತೆಯ ಫೋಲ್ಡರಿನಲ್ಲಿ ಕ್ಲೌಡ್-ಇನಿಟ್ ಇಟ್ಟ ಚಿಕ್ಕ ಫೈಲ್ ಬೇಕೆಂದು ಹೇಳಿರಬಹುದು. ಎಸ್‌ಎಸ್‌ಎಚ್‌ನಲ್ಲಿ ಮೊದಲು ಓದಿದ ಬೆಲೆಯೇ ನಿಲ್ಲುತ್ತದೆ, ಆ ಫೋಲ್ಡರ್ ಮೊದಲು ಓದಲ್ಪಡುತ್ತದೆ. ಎಸ್‌ಎಸ್‌ಎಚ್‌ಡಿಗೆ (ಸರ್ವರಿನಲ್ಲಿ ಓಡುವ ಎಸ್‌ಎಸ್‌ಎಚ್ ಪ್ರೊಸೆಸ್) ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವುದು ಯಾವುದು ಎಂದು ಹೇಳುತ್ತದೆ. ಚಿಕ್ಕಕ್ಷರದ ಟಿ ಆಯ್ಕೆ ಫೈಲಿನ ತಪ್ಪುಗಳನ್ನು ಪರೀಕ್ಷಿಸುತ್ತದೆ. ಬದಲಾವಣೆ ಜಾರಿಗೊಳಿಸುವಾಗ ಈಗಿರುವ ಕಿಟಕಿಯನ್ನು ಮುಚ್ಚದೆ, ಇನ್ನೊಂದು ಕಿಟಕಿಯಿಂದ ಒಳಗೆ ಬಂದು ಖಚಿತಪಡಿಸಿಕೊಳ್ಳಿ. ಟನೆಲ್ ಮಾತ್ರ ಬೇಕಾದ ಸಹೋದ್ಯೋಗಿಗೆ ಶೆಲ್ ಕೊಡಬೇಕಿಲ್ಲ: ಆಥರೈಸ್ಡ್ ಕೀಸ್ ಫೈಲಿನಲ್ಲಿ ಅವರ ಕೀಲಿಯ ಮುಂದೆ ರಿಸ್ಟ್ರಿಕ್ಟ್, ಪೋರ್ಟ್-ಫಾರ್ವರ್ಡಿಂಗ್, 5432ಕ್ಕೆ ಮಾತ್ರ ಪರ್ಮಿಟ್‌ಓಪನ್ ಎಂದು ಬರೆದರೆ ಅವರು ಡೇಟಾಬೇಸನ್ನು ಬಿಟ್ಟು ಬೇರೆ ಪೋರ್ಟ್ ಮುಟ್ಟಲಾರರು. ಅವರ ಖಾತೆಯ ಶೆಲ್ ಅನ್ನೂ ನೋಲಾಗಿನ್ ಮಾಡಿ.

ಪ್ರವೇಶ ನಿಧಾನವಾಗುವುದೂ ಒಂದು ಲಕ್ಷಣವೇ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್‌ಗೆ ಕಳ್ಳದಾರಿ ಇಟ್ಟಿದ್ದನ್ನು ಬಯಲಿಗೆಳೆದವರು ಆಂಡ್ರೆಸ್ ಫ್ರಾಯಂಡ್, ಪೋಸ್ಟ್‌ಗ್ರೆಸ್ ಅಭಿವೃದ್ಧಿಪಡಿಸುವವರಲ್ಲಿ ಒಬ್ಬರು. ಎಸ್‌ಎಸ್‌ಎಚ್ ಪ್ರವೇಶಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆ, ಪ್ರೊಸೆಸರ್ ಅನಗತ್ಯವಾಗಿ ದುಡಿಯುತ್ತಿದೆ ಎಂಬುದು ಅವರಿಗೆ ಸಿಕ್ಕ ಸುಳಿವುಗಳಲ್ಲಿ ಒಂದು. ಅಷ್ಟು ಸಣ್ಣ ವ್ಯತ್ಯಾಸವನ್ನು ಬಿಡದೆ ಬೆನ್ನಟ್ಟಿದ ಆ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ನಿಮ್ಮದೇ ಟನೆಲ್ ಬಿಟ್ಟುಹೋಗುವ ಕಸ

ಲ್ಯಾಪ್‌ಟಾಪ್ ಮುಚ್ಚಿದಿರಿ, ಟನೆಲ್ ಕಡಿಯಿತು. ಆದರೆ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ (ಈಗಿನ ಸಂಪರ್ಕಗಳ ಪಟ್ಟಿ) ನಿಮ್ಮ ಸಂಪರ್ಕ ಐಡಲ್ ಇನ್ ಟ್ರಾನ್ಸಾಕ್ಷನ್ ಎಂದು ಗಂಟೆಗಟ್ಟಲೆ ಉಳಿದಿದೆ. ಅದು ತನ್ನ ಮೆಮೊರಿಯನ್ನು ಹಿಡಿದಿದೆ, ಲಾಕ್‌ಗಳನ್ನು ಹಿಡಿದಿದೆ, ವ್ಯಾಕ್ಯೂಮ್ ಹಳೆಯ ಸಾಲುಗಳನ್ನು ತೆಗೆಯದಂತೆ ತಡೆದಿದೆ. ಪೋಸ್ಟ್‌ಗ್ರೆಸ್‌ನ ಟಿಸಿಪಿ ಕೀಪ್‌ಅಲೈವ್ (ಇನ್ನೊಂದು ತುದಿ ಬದುಕಿದೆಯೇ ಎಂದು ಕೇಳುವ ಅವಧಿ) ಏರಿಸಿ ಇಳಿಸಿ ನೋಡುವವರಿದ್ದಾರೆ, ಏನೂ ಆಗುವುದಿಲ್ಲ. ಕಾರಣ ಇಷ್ಟೇ: ಪೋಸ್ಟ್‌ಗ್ರೆಸ್‌ನ ಇನ್ನೊಂದು ತುದಿಯಲ್ಲಿರುವುದು ನಿಮ್ಮ ಲ್ಯಾಪ್‌ಟಾಪ್ ಅಲ್ಲ, ಅದೇ ಯಂತ್ರದ ಎಸ್‌ಎಸ್‌ಎಚ್‌ಡಿ. ಅದು ಜೀವಂತವಾಗಿಯೇ ಇದೆ, ಕೀಪ್‌ಅಲೈವ್‌ಗೆ ಉತ್ತರ ಬರುತ್ತಲೇ ಇರುತ್ತದೆ. ಸತ್ತ ಲ್ಯಾಪ್‌ಟಾಪನ್ನು ಗುರುತಿಸಬೇಕಾದವರು ಎಸ್‌ಎಸ್‌ಎಚ್‌ಡಿ. ಅದರ ಕ್ಲೈಂಟ್ ಅಲೈವ್ ಇಂಟರ್ವಲ್ ಮೂಲದಲ್ಲಿ 0, ಅಂದರೆ ಕೇಳುವುದೇ ಇಲ್ಲ. ಅದನ್ನು 60 ಮಾಡಿ. ಮೂರು ಬಾರಿ ಉತ್ತರ ಬರದಿದ್ದರೆ ಸಂಪರ್ಕ ಮುಚ್ಚುತ್ತದೆ. ಜೊತೆಗೆ ಪೋಸ್ಟ್‌ಗ್ರೆಸ್‌ನಲ್ಲಿ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮ್‌ಔಟ್ ಅನ್ನು 10 ನಿಮಿಷಕ್ಕೆ ಇಡಿ.

ಇಂಡೆಕ್ಸ್ ಕಟ್ಟುವುದು, ಬ್ಯಾಕಪ್ ತುಂಬುವುದು ಮುಂತಾದ ಉದ್ದನೆಯ ಕೆಲಸಗಳನ್ನು ದೂರದಿಂದ ಮಾಡುವಾಗ ಸರ್ವರಿನ ಮೇಲೆಯೇ ಟಿಮಕ್ಸ್ (ಸಂಪರ್ಕ ಕಡಿದರೂ ಓಡುತ್ತಲೇ ಇರುವ ಕಿಟಕಿ) ಒಳಗೆ ಓಡಿಸಿ. ಕರೆಂಟ್ ಹೋಗಿ ಮನೆಯ ವೈಫೈ ನಿಂತರೂ ಕೆಲಸ ನಿಲ್ಲುವುದಿಲ್ಲ.

ಬದಲಾವಣೆ ಹಾಕಿದರೂ ಫಲ ಕಾಣದಿದ್ದರೆ

ವರ್ಕ್ ಮೆಮ್‌ಗೆ ರೀಲೋಡ್ ಸಾಕು. ಶೇರ್ಡ್ ಬಫರ್ಸ್ ಮತ್ತು ಮ್ಯಾಕ್ಸ್ ಕನೆಕ್ಷನ್ಸ್‌ಗೆ ರೀಸ್ಟಾರ್ಟ್ ಬೇಕು. ರೋಲಿಗೆ ಕೊಟ್ಟ ಬೆಲೆ ಹೊಸ ಸಂಪರ್ಕಗಳಿಗೆ ಮಾತ್ರ ಅನ್ವಯಿಸುತ್ತದೆ, ಆದ್ದರಿಂದ ಅಪ್ಲಿಕೇಶನ್ನಿನ ಪೂಲ್ ಅನ್ನು ಹೊಸದಾಗಿ ಆರಂಭಿಸಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಡಾಟ್ ಕಾನ್ಫ್ ಫೈಲಿನಲ್ಲಿ ಎಷ್ಟು ತಿದ್ದಿದರೂ ಹಳೆಯ ಬೆಲೆಯೇ ಉಳಿದಿದ್ದರೆ, ಹಿಂದೆಂದೋ ಯಾರೋ ಆಲ್ಟರ್ ಸಿಸ್ಟಮ್ ಬಳಸಿರಬಹುದು. ಅದು ಆಟೊ ಡಾಟ್ ಕಾನ್ಫ್ ಎಂಬ ಇನ್ನೊಂದು ಫೈಲಿಗೆ ಬರೆಯುತ್ತದೆ, ಆ ಫೈಲ್ ಹೇಳಿದ್ದೇ ನಡೆಯುತ್ತದೆ. ಪಿಜಿ ಸೆಟ್ಟಿಂಗ್ಸ್ ನೋಟದಲ್ಲಿ ಸೋರ್ಸ್ ಫೈಲ್ ಅಂಕಣ ಬೆಲೆ ಎಲ್ಲಿಂದ ಬಂತೆಂದು ಹೇಳುತ್ತದೆ, ಪೆಂಡಿಂಗ್ ರೀಸ್ಟಾರ್ಟ್ ಅಂಕಣ ರೀಸ್ಟಾರ್ಟ್ ಬಾಕಿ ಇದೆಯೇ ಎಂದು ಹೇಳುತ್ತದೆ. ರೀಲೋಡ್ ಮಾಡುವ ಮೊದಲು ಪಿಜಿ ಫೈಲ್ ಸೆಟ್ಟಿಂಗ್ಸ್ ಮತ್ತು ಪಿಜಿ ಎಚ್‌ಬಿಎ ಫೈಲ್ ರೂಲ್ಸ್ ನೋಡಿದರೆ ಬರೆದ ಸಾಲುಗಳಲ್ಲಿ ತಪ್ಪಿದೆಯೇ ಎಂಬುದು ತಿಳಿಯುತ್ತದೆ. ದೂರದಿಂದ ಕೆಲಸ ಮಾಡುವವರು ಈ ಎರಡನ್ನು ತಪ್ಪಿಸಬಾರದು.

ರೀಸ್ಟಾರ್ಟ್ ಆದ ಮೇಲೆ ಪೋಸ್ಟ್‌ಗ್ರೆಸ್ ಏಳದೆ, ಹಂಚಿಕೆಯ ಮೆಮೊರಿ ಸಿಗಲಿಲ್ಲ ಎಂದು ಲಾಗಿನಲ್ಲಿ ಬಂದರೆ ಶೇರ್ಡ್ ಬಫರ್ಸ್ ಯಂತ್ರಕ್ಕೆ ಮೀರಿದೆ. ಆಲ್ಟರ್ ಸಿಸ್ಟಮ್‌ನಿಂದ ಹಾಕಿದ್ದರೆ, ಸರ್ವರ್ ನಿಂತಿರುವಾಗ ಆಟೊ ಡಾಟ್ ಕಾನ್ಫ್ ಫೈಲಿನಿಂದ ಆ ಒಂದು ಸಾಲನ್ನು ಕೈಯಿಂದಲೇ ತೆಗೆದು ಮತ್ತೆ ಆರಂಭಿಸಿ.

ಮುಂದಿನ ತಿಂಗಳ ಕೊನೆಯ ಸಂಜೆ ಮೂರು ವರದಿಗಳೂ ಓಡುವಾಗ ಅವೈಲಬಲ್ ಅಂಕಣ ಎಲ್ಲಿಯವರೆಗೆ ಇಳಿಯುತ್ತದೆ, ಕರ್ನಲ್ ಲಾಗಿನಲ್ಲಿ ಹೊಸ ಸಾಲು ಬಂದಿದೆಯೇ, ಟೆಂಪ್ ಫೈಲುಗಳ ಗಾತ್ರ ಎಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಿ. ಒಂದು ಜಿಬಿಯಷ್ಟಾದರೂ ಉಳಿದರೆ ವರ್ಕ್ ಮೆಮ್ ಅನ್ನು ಅಲ್ಲೇ ಬಿಡಿ. ದುರಸ್ತಿಗೆಂದು ತಾತ್ಕಾಲಿಕವಾಗಿ ತೆರೆದ ಫೈರ್‌ವಾಲ್ ನಿಯಮ, ಸೇರಿಸಿದ ಕೀಲಿ, ಕೊಟ್ಟ ಸೂಪರ್‌ಯೂಸರ್ ಅಧಿಕಾರ ಏನಾದರೂ ಉಳಿದಿದ್ದರೆ ಅದೇ ದಿನ ತೆಗೆದುಹಾಕಿ, ಹೊರಗಿನಿಂದ ಇನ್ನೊಮ್ಮೆ ಎನ್‌ಮ್ಯಾಪ್ ಓಡಿಸಿ.